ಕೈಮರವೂ ತಕ್ಕಡಿಯೂ: ಉಷ್ಣಗತಿವಿಜ್ಞಾನ ಮತ್ತು ರಾಸಾಯನಿಕ ಸಮತೋಲಗಳ ಮೊದಲ ಪಾಠ

ಮೈಸೂರಿನಿಂದ ನೈಋತ್ಯಕ್ಕೆ ಸುಮಾರು ೫೦ ಕಿಲೋಮೀಟರು ದೂರದಲ್ಲಿ, ಹೆಗ್ಗಡದೇವನಕೋಟೆಯ ಪಟ್ಟಣಕ್ಕೆ ಸಮೀಪವಾಗಿ, ಹ್ಯಾಂಡ್‌ಪೋಸ್ಟ್ ಎಂಬ ಊರಿರುವುದು. ಮೈಸೂರು, ಕೋಟೆ, ಸರಗೂರು ಮೊದಲಾದ ಕಡೆಗಳ ದಾರಿಗಳು ಅಲ್ಲಿ ಕೂಡುತ್ತವೆ. ದಾರಿಯು ಕವಲೊಡೆಯುವೆಡೆಯಲ್ಲಿ ನೆಟ್ಟು, ಯಾವ ಊರು ಯಾವ ಕಡೆಗಿದೆಯೆಂದು ಕೈಚಾಚಿ ತೋರಿಸುವ ಕಂಬವೆಂದು ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಅರ್ಥ. ಕನ್ನಡದಲ್ಲಿ ಇದಕ್ಕೆ ಕೈಮರವೆಂಬ ಸೊಗಸಾದ ಮಾತು ಉಂಟು. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಒಂದು ಊರಿಗೆ ಅದೇ ಹೆಸರು. ಒಂದೇ ವಸ್ತುವು ಒಂದೆಡೆಯಲ್ಲಿ ಪರಭಾಷೆಯ ಹೆಸರಿನಿಂದಲೂ ಇನ್ನೊಂದೆಡೆಯಲ್ಲಿ ದೇಶಭಾಷೆಯ ಹೆಸರಿನಿಂದಲೂ ಊರಾಗಿ ನಿಂತಿರುವುದು ಕುತೂಹಲಕರವೇ ಸರಿ. ಹ್ಯಾಂಡ್‌ಪೋಸ್ಟಿನ ಜನರು ಆ ಪದವನ್ನು ಇಂಗ್ಲಿಷೆಂದು ಭಾವಿಸುವುದೇ ಇಲ್ಲ. ಬಾಯಲ್ಲಿ ಅದು ಕನ್ನಡವಾಗಿಹೋಗಿದೆ.

ಈ ಹೆಸರು ಪ್ರಕೃತ ವಿಷಯಕ್ಕೆ ಬೇರೊಂದು ಬಗೆಯಲ್ಲಿಯೂ ಒದಗಿಬರುವುದು. ಕೈಮರವು ದಿಕ್ಕನ್ನು ಮಾತ್ರ ಹೇಳುತ್ತದೆ. ಪ್ರಯಾಣಿಕನು ಹೊರಡುವನೆ, ಹೊರಟರೆ ಎಷ್ಟು ಹೊತ್ತಿಗೆ ತಲಪುವನು ಎಂಬುದನ್ನು ಅದು ಹೇಳಲಾರದು. ಉಷ್ಣಗತಿವಿಜ್ಞಾನದ ಸ್ವರೂಪವೂ ಹೀಗೆಯೇ. ಯಾವ ವ್ಯಾಪಾರವು ತಾನಾಗಿಯೇ ಯಾವ ಕಡೆಗೆ ನಡೆಯುವುದು, ಎಲ್ಲಿಗೆ ಬಂದು ನಿಲ್ಲುವುದು ಎಂಬ ಪ್ರಶ್ನೆಗಳಿಗೆ ಅದು ಖಚಿತವಾಗಿ ಉತ್ತರ ಕೊಡುತ್ತದೆ. ಎಷ್ಟು ಕಾಲದಲ್ಲಿ ಎಂದರೆ ಮೌನವಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಗ್ರಾಮಗಳಲ್ಲಿ ಪ್ರೌಢಶಾಲೆಯ ಪಾಠಗಳನ್ನು ಕನ್ನಡದಲ್ಲಿ ಓದಿದ ಬಾಲಕ ಬಾಲಕಿಯರು, ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡೊಡನೆಯೇ ಇಂಗ್ಲಿಷಿನ ಪಾಠಗಳಿಗೆ ಬೀಳುತ್ತಾರೆ. ಅನಂತರ ಮೈಸೂರಿನ ಕಾಲೇಜುಗಳಿಗೆ ಬಂದು ರಸಾಯನಶಾಸ್ತ್ರದಲ್ಲಿ ಪದವಿಯ ವ್ಯಾಸಂಗ ಮಾಡುವವರಿಗೆ, ಉಷ್ಣಗತಿವಿಜ್ಞಾನವೂ ರಾಸಾಯನಿಕ ಸಮತೋಲವೂ ಆರಂಭದಲ್ಲಿಯೇ ಎದುರಾಗುವ ಎರಡು ಕಡಿದಾದ ಮೆಟ್ಟಿಲುಗಳು. ಗಣಿತವು ಇಲ್ಲಿ ಅಷ್ಟು ಕಠಿನವಲ್ಲ. ಸೂತ್ರಕ್ಕೆ ಅಂಕಿಗಳನ್ನು ಹಾಕಿ ಲೆಕ್ಕವನ್ನು ಬಿಡಿಸುವ ವಿದ್ಯಾರ್ಥಿಯೇ, ಆ ಲೆಕ್ಕವು ಏನು ಹೇಳಿತೆಂದು ಕೇಳಿದರೆ ತಡವರಿಸುವನು. ತೊಡಕು ಬಹುಮಟ್ಟಿಗೆ ಶಬ್ದಾರ್ಥದಲ್ಲಿದೆ. ಆದಕಾರಣ ಈ ವಿಷಯವು ರಸಾಯನಶಾಸ್ತ್ರದ ಅಧ್ಯಾಪಕರಿಗೆಷ್ಟೋ, ಅದೇ ಕಾಲೇಜಿನ ಪಕ್ಕದ ಕೊಠಡಿಯಲ್ಲಿ ಅದೇ ವಿದ್ಯಾರ್ಥಿಗಳಿಗೆ ಕನ್ನಡವನ್ನು ಬೋಧಿಸುವವರಿಗೂ ಅಷ್ಟೇ ಸಂಬಂಧಪಟ್ಟುದು.

ಮೊದಲನೆಯ ತೊಡಕು ಉಷ್ಣವೆಂಬ ಶಬ್ದದಲ್ಲಿಯೇ ಇದೆ. ಮನೆಮಾತಿನಲ್ಲಿ ಬಿಸಿ, ಕಾವು, ಸೆಕೆ, ಝಳ, ಧಗೆ ಎಂದು ಬೇರೆ ಬೇರೆ ಅನುಭವಗಳಿಗೆ ಬೇರೆ ಬೇರೆ ಮಾತುಗಳುಂಟು. ಉಷ್ಣವೆಂಬುದು ಮಾತ್ರ ವೈದ್ಯದ ದಾರಿಯಿಂದ ಬಂದುದು. ಪರಂಗಿಹಣ್ಣು ಉಷ್ಣ, ಎಳನೀರು ತಂಪು ಎಂಬಲ್ಲಿ ಅದು ಪದಾರ್ಥದ ಒಂದು ಗುಣ. ಹಣ್ಣನ್ನು ನೀರಿನಲ್ಲಿಟ್ಟು ತಣ್ಣಗೆ ಮಾಡಿದರೂ ಈ ಉಷ್ಣವು ಹೋಗದು! ವಿಜ್ಞಾನದ ಪುಸ್ತಕವು ಇದೇ ಶಬ್ದವನ್ನು ಶಕ್ತಿಯ ಒಂದು ರೂಪಕ್ಕೆ ಕೊಟ್ಟಿತು. ಬಿಸಿಯ ಮಟ್ಟವನ್ನು ಹೇಳಲು ಕೆಲವರು ತಾಪವೆಂದೂ ಕೆಲವರು ಉಷ್ಣತೆಯೆಂದೂ ಬರೆದರು. ವೃತ್ತಪತ್ರಿಕೆಗಳು ತಾಪಮಾನ, ಉಷ್ಣಾಂಶ ಎಂಬ ಎರಡನ್ನೂ ಬಳಸುತ್ತವೆ. ಇವುಗಳಲ್ಲಿ ಉಷ್ಣಾಂಶವೆಂಬುದೇ ಹೆಚ್ಚು ದಾರಿತಪ್ಪಿಸುವ ಮಾತು. ಅಕ್ಷರಶಃ ನೋಡಿದರೆ ಅದಕ್ಕೆ ಒಳಗಿರುವ ಉಷ್ಣದ ಪಾಲು ಎಂದಾಗುವುದು. ಮಟ್ಟವನ್ನು ಹೇಳಬೇಕಾದ ಕಡೆ ಮೊತ್ತವನ್ನು ಹೇಳಿದಂತಾಯಿತು.

ಮಟ್ಟಕ್ಕೂ ಮೊತ್ತಕ್ಕೂ ಇರುವ ಅಂತರವನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಒಂದು ಗ್ರಾಂ ತೂಕದ ಕೆಂಡವು ಏಳೆಂಟು ನೂರು ಡಿಗ್ರಿಯಷ್ಟು ಬಿಸಿಯಾಗಿರಬಹುದು. ಬಚ್ಚಲಿನ ಹಂಡೆಯಲ್ಲಿರುವ ೪೦ ಲೀಟರು ನೀರು ಕೇವಲ ೪೫ ಡಿಗ್ರಿ. ಕೆಂಡವು ಇನ್ನು ಉರಿಯದೆ ಬರಿದೆ ತಣ್ಣಗಾದರೆ ಬಿಟ್ಟುಕೊಡುವ ಶಕ್ತಿಯು ಕೆಲವು ನೂರು ಕ್ಯಾಲೊರಿಗಳನ್ನು ಮೀರದು. ಹಂಡೆಯ ನೀರು ೨೫ ಡಿಗ್ರಿಗೆ ಇಳಿಯುವಷ್ಟರಲ್ಲಿ ೮ ಲಕ್ಷ ಕ್ಯಾಲೊರಿಗಳನ್ನು ಬಿಟ್ಟುಕೊಡುತ್ತದೆ. ಮುಟ್ಟಿದರೆ ಬೊಬ್ಬೆಯೇಳಿಸುವುದು ಕೆಂಡ, ಮನೆಮಂದಿಯ ಸ್ನಾನಕ್ಕೆ ಒದಗುವುದು ಹಂಡೆ. ಇದರ ಮೇಲೆ ಶಾಸ್ತ್ರವು ಇನ್ನೂ ಒಂದು ಕಟ್ಟುಪಾಡನ್ನು ಹಾಕುವುದು: ಉಷ್ಣವೆಂಬ ಹೆಸರು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ದಾಟುತ್ತಿರುವ ಶಕ್ತಿಗೆ ಮಾತ್ರ, ದಾಟಿ ಸೇರಿಕೊಂಡ ಮೇಲೆ ಅದು ಆ ವಸ್ತುವಿನ ಆಂತರಿಕ ಶಕ್ತಿಯೆನಿಸುವುದು. ಮಳೆಯ ನೀರು ಕೆರೆಗೆ ಬಿದ್ದ ಮೇಲೆ ಕೆರೆಯಲ್ಲಿ ಇಷ್ಟು ಮಳೆಯಿದೆ ಎಂದು ಯಾರೂ ಹೇಳುವುದಿಲ್ಲವಷ್ಟೆ. ಈ ಸೂಕ್ಷ್ಮವನ್ನು ಗ್ರಹಿಸಿದವನಿಗೆ ಮುಂದಿನ ಅಧ್ಯಾಯಗಳು ಅರ್ಧ ಹಗುರವಾಗುತ್ತವೆ.

ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಒಂದು ಗ್ರಾಂ ನೀರು ಆವಿಯಾಗಿ ಹೋಗಲು, ಸಾಧಾರಣ ಹವೆಯಲ್ಲಿ, ಸುಮಾರು ೫೮೦ ಕ್ಯಾಲೊರಿಗಳು ಬೇಕು. ಹತ್ತು ಲೀಟರಿನ ಹೂಜಿಯಿಂದ ಬರಿಯ ನೂರು ಗ್ರಾಂ ನೀರು ಜಿನುಗಿ ಆರಿದರೆ, ೫೮ ಸಾವಿರ ಕ್ಯಾಲೊರಿಗಳು ಅದರೊಡನೆ ಹೋದವು. ಹೊರಗಿನಿಂದ ಏನೂ ಬಾರದಿದ್ದಲ್ಲಿ ಉಳಿದ ನೀರು ಆರು ಡಿಗ್ರಿಯಷ್ಟು ಇಳಿಯಬೇಕು. ಇದು ಶಕ್ತಿಯ ಜಮಾಖರ್ಚು. ಶಕ್ತಿಯು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ ಎಂಬುದೇ ಮೊದಲನೆಯ ನಿಯಮ. ೧೮೪೦ರ ದಶಕದಲ್ಲಿ ಜೂಲ್ ಎಂಬ ಆಂಗ್ಲ ವಿದ್ವಾಂಸನು ಇಳಿಯುವ ತೂಕದಿಂದ ನೀರನ್ನು ಕಡೆದು, ಎಷ್ಟು ಕೆಲಸಕ್ಕೆ ಎಷ್ಟು ಉಷ್ಣ ಎಂಬುದನ್ನು ಅಳೆದನು. ಒಂದು ಕ್ಯಾಲೊರಿಗೆ ೪.೧೮ ಜೂಲ್ ಎಂಬುದು ಇಂದು ಮಕ್ಕಳಿಗೂ ಗೊತ್ತಿರುವ ಅಂಕಿ.

ಈ ಜಮಾಖರ್ಚಿಗೆ ಹುಣಸೂರು ಪಿರಿಯಾಪಟ್ಟಣಗಳ ಸೀಮೆಯಲ್ಲಿ ಇನ್ನೂ ದೊಡ್ಡದೊಂದು ಉದಾಹರಣೆಯಿದೆ. ಅಲ್ಲಿಯ ರೈತರು ವರ್ಜೀನಿಯಾ ಜಾತಿಯ ಹೊಗೆಸೊಪ್ಪನ್ನು ಮುಂಗಾರಿನಲ್ಲಿ ಬೆಳೆದು, ಬ್ಯಾರನ್ ಎಂದು ಕರೆಯುವ ಎತ್ತರವಾದ ಗೂಡುಮನೆಗಳಲ್ಲಿ ಬೇಯಿಸುತ್ತಾರೆ. ಬೇಯಿಸುವುದೆಂದರೂ ನೀರಿನಲ್ಲಲ್ಲ, ಒಲೆಯ ಬಿಸಿಯನ್ನು ಕೊಳವೆಗಳ ಮೂಲಕ ಒಳಗೆ ಹಾಯಿಸಿ, ಹೊಗೆ ತಾಗದಂತೆ, ಐದಾರು ದಿನಗಳ ಕಾಲ ಎಲೆಯನ್ನು ಹದಮಾಡುವುದು. ಮೊದಲು ೩೫ ಡಿಗ್ರಿಯ ಆಸುಪಾಸಿನ ತೇವವಾದ ಶಾಖದಲ್ಲಿ ಎಲೆಯು ಹಳದಿಗೆ ತಿರುಗಬೇಕು. ಅನಂತರ ಮೆಲ್ಲಮೆಲ್ಲನೆ ಏರಿಸಿ, ಎಲೆಯನ್ನೂ, ಕೊನೆಗೆ ೭೦ ಡಿಗ್ರಿಯ ಹೊತ್ತಿಗೆ ನಡುನರವನ್ನೂ ಒಣಗಿಸಬೇಕು. ಹಸಿಯೆಲೆಯ ತೂಕದಲ್ಲಿ ನೂರಕ್ಕೆ ೮೦ರಿಂದ ೮೫ರವರೆಗೆ ನೀರು. ಎಂದರೆ ಒಂದು ಕಿಲೋ ಒಣಸೊಪ್ಪಿಗೆ ಐದಾರು ಕಿಲೋ ನೀರನ್ನು ಹೊರಗಟ್ಟಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು ೨೪ ಲಕ್ಷ ಜೂಲ್; ಆರು ಕಿಲೋಗೆ ೧ ಕೋಟಿ ೪೪ ಲಕ್ಷ. ಒಣಗಿದ ಸೌದೆಯು ಕಿಲೋ ಒಂದಕ್ಕೆ ಕೊಡುವ ಶಕ್ತಿಯೂ ಹೆಚ್ಚುಕಡಮೆ ಇಷ್ಟೇ. ಲೆಕ್ಕದ ಪ್ರಕಾರ ಒಂದು ಕಿಲೋ ಸೊಪ್ಪಿಗೆ ಒಂದು ಕಿಲೋ ಸೌದೆ ಸಾಕು. ನಿಜವಾಗಿ ಅದರ ಹಲವು ಪಾಲು ಉರಿಯುತ್ತದೆ. ಮಿಕ್ಕುದು ಎಲ್ಲಿಗೆ ಹೋಯಿತೆಂದು ಕೇಳಿದರೆ ಗೋಡೆ, ಮಾಡು, ಹೊಗೆಕೊಳವೆ, ಬಾಗಿಲಿನ ಸಂದು ಇವುಗಳ ಹೆಸರುಗಳು ಒಂದೊಂದಾಗಿ ಬರುತ್ತವೆ. ನಾಗರಹೊಳೆ ಬಂಡೀಪುರಗಳ ಕಾಡಿನಂಚಿನ ಸೀಮೆಯಲ್ಲಿ ಈ ಲೆಕ್ಕವು ಕಪ್ಪುಹಲಗೆಯ ಮೇಲಿನ ಲೆಕ್ಕವಾಗಿಯೇ ಉಳಿಯುವುದಿಲ್ಲ. ಪ್ರತಿ ಕಿಲೋ ಸೌದೆಯೂ ಎಲ್ಲಿಯೋ ನಿಂತಿದ್ದ ಮರ.

ಆದರೆ ಜಮಾಖರ್ಚು ಸರಿಹೋದ ಮಾತ್ರಕ್ಕೆ ಕೆಲಸವು ನಡೆಯಬೇಕೆಂದಿಲ್ಲ. ತಣ್ಣಗಾದ ಕಾಫಿಯು ಕೋಣೆಯ ಗಾಳಿಯಿಂದ ಉಷ್ಣವನ್ನು ಹೀರಿ ತಾನಾಗಿಯೇ ಕುದಿಯಿತೆಂದರೆ ಮೊದಲನೆಯ ನಿಯಮಕ್ಕೆ ಏನೂ ಭಂಗವಿಲ್ಲ. ಒಂದು ಖಾತೆಯಲ್ಲಿ ಕಳೆದುದು ಇನ್ನೊಂದರಲ್ಲಿ ಕೂಡಿತು. ಆದರೂ ಅದು ನಡೆಯದು. ಏಕೆ ನಡೆಯದೆಂಬುದೇ ಎರಡನೆಯ ನಿಯಮದ ವಿಷಯ. ೧೮೨೪ರಲ್ಲಿ ಕಾರ್ನೊ ಎಂಬ ಫ್ರೆಂಚ್ ತರುಣನು ಹಬೆಯಂತ್ರಗಳನ್ನು ಕುರಿತು ಬರೆಯುತ್ತ, ಉಷ್ಣವು ಮೇಲ್ಮಟ್ಟದಿಂದ ಕೆಳಮಟ್ಟಕ್ಕೆ ಇಳಿಯುವಾಗ ಮಾತ್ರ ಕೆಲಸ ಮಾಡಬಲ್ಲುದೆಂದು ಕಂಡನು. ೧೮೫೦ರಿಂದ ಮುಂದೆ ಜರ್ಮನಿಯ ಕ್ಲೌಸಿಯಸನು ಇದಕ್ಕೆ ಗಣಿತದ ರೂಪವನ್ನು ಕೊಟ್ಟು, ೧೮೬೫ರಲ್ಲಿ, ತಿರುಗುವಿಕೆ ಎಂಬರ್ಥದ ಗ್ರೀಕ್ ಶಬ್ದದಿಂದ ಎಂಟ್ರೊಪಿ ಎಂಬ ಹೊಸ ಪದವನ್ನು ಕಟ್ಟಿದನು.

ಎಂಟ್ರೊಪಿಯನ್ನು ಅವ್ಯವಸ್ಥೆಯೆಂದು ಅನುವಾದಿಸುವ ವಾಡಿಕೆಯಿದೆ. ಚೆಲ್ಲಾಪಿಲ್ಲಿಯಾದ ಕೋಣೆಯ ಉಪಮಾನವೂ ಅದರ ಬೆನ್ನಿಗೇ ಬರುವುದು. ಹೊಸಬನಿಗೆ ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ತೋರುತ್ತದೆ. ಕ್ಲೌಸಿಯಸನ ಮೂಲದ ಭಾಗಾಕಾರವೇ ಸುಲಭವಾದುದು. ದಾಟಿದ ಉಷ್ಣವನ್ನು, ಅದು ದಾಟಿದ ತಾಪದಿಂದ ಭಾಗಿಸಬೇಕು. ಈ ತಾಪವನ್ನು ನೀರು ಹೆಪ್ಪುಗಟ್ಟುವ ಬಿಂದುವಿನಿಂದ ಎಣಿಸದೆ, ಅದಕ್ಕೂ ೨೭೩ ಡಿಗ್ರಿ ಕೆಳಗಿನ ಪರಮಶೂನ್ಯದಿಂದ ಎಣಿಸಬೇಕು. ಒಂದು ಗ್ರಾಂ ಮಂಜುಗಡ್ಡೆಯು ಕರಗಲು ೩೩೪ ಜೂಲ್ ಬೇಕು. ೨೭ ಡಿಗ್ರಿಯ, ಎಂದರೆ ೩೦೦ ಪರಮ ಡಿಗ್ರಿಯ ಕೋಣೆಯು ಇದನ್ನು ಕೊಟ್ಟಾಗ ೩೩೪ನ್ನು ೩೦೦ರಿಂದ ಭಾಗಿಸಿದಷ್ಟು, ೧.೧೧ರಷ್ಟು, ಎಂಟ್ರೊಪಿಯನ್ನು ಕಳೆದುಕೊಳ್ಳುವುದು. ಮಂಜುಗಡ್ಡೆಯು ಅದೇ ೩೩೪ನ್ನು ೨೭೩ರ ಮಟ್ಟದಲ್ಲಿ ಪಡೆದು ೧.೨೨ರಷ್ಟನ್ನು ಗಳಿಸುವುದು. ನಷ್ಟಕ್ಕಿಂತ ಗಳಿಕೆಯು ಹೆಚ್ಚು, ಕರಗುವುದು ನಡೆಯುತ್ತದೆ. ಕೋಣೆಯು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದರೆ ಅದರ ನಷ್ಟವು ೩೩೪ನ್ನು ೨೬೩ರಿಂದ ಭಾಗಿಸಿದಷ್ಟು, ೧.೨೭; ಗಳಿಕೆಯನ್ನು ಇದು ಮೀರಿತು, ಗಡ್ಡೆಯು ಕರಗದು. ಸರಿಯಾಗಿ ಸೊನ್ನೆಯಲ್ಲಿ ಎರಡೂ ಸಮವಾಗಿ, ನೀರೂ ಗಡ್ಡೆಯೂ ಜೊತೆಯಲ್ಲಿ ಬಾಳುತ್ತವೆ. ಶಕ್ತಿಯ ಒಟ್ಟುಮೊತ್ತವು ಹೇಳಲಾರದ ದಿಕ್ಕನ್ನು ಈ ಸಣ್ಣ ಭಾಗಾಕಾರವು ಹೇಳಿತು. ಕೈಮರವೆಂದರೆ ಇದು.

ಕೈಮರದ ಮಿತಿಯನ್ನೂ ಒಡನೆಯೇ ಹೇಳಬೇಕು. ಬ್ಯಾರನ್ನಿನ ಮುಂದೆ ರಾಶಿಹಾಕಿದ ಸೌದೆಗೂ ಗಾಳಿಯ ಆಮ್ಲಜನಕಕ್ಕೂ ಸಂಬಂಧಿಸಿದ ಕೈಯು ಬೂದಿಯ ಕಡೆಗೇ ತೋರಿಸುತ್ತಿದೆ. ಆದರೂ ಸೌದೆಯು ವರ್ಷಗಟ್ಟಲೆ ಹಾಗೆಯೇ ಬಿದ್ದಿರುವುದು. ಕಿಡಿ ತಾಗಿದರೆ ಗಂಟೆಯಲ್ಲಿ ಮುಗಿಯುವುದು. ತಾನಾಗಿ ನಡೆಯುವ ಕ್ರಿಯೆ ಎಂದೊಡನೆ ಥಟ್ಟನೆ ನಡೆಯುವ ಕ್ರಿಯೆ ಎಂದು ವಿದ್ಯಾರ್ಥಿಯು ಗ್ರಹಿಸುತ್ತಾನೆ. ವೇಗದ ಶಾಸ್ತ್ರವೇ ಬೇರೆ. ಅದನ್ನು ಇದರೊಡನೆ ಬೆರಸಕೂಡದು.

ಇನ್ನು ರಾಸಾಯನಿಕ ಸಮತೋಲ. ಹದಿನೆಂಟನೆಯ ಶತಮಾನದ ರಸಾಯನಜ್ಞರು ಪದಾರ್ಥಗಳಿಗೆ ಒಂದರ ಮೇಲೊಂದಕ್ಕೆ ನಿಶ್ಚಿತವಾದ ಒಲವು ಇರುವುದೆಂದೂ, ಬಲವಾದ ಒಲವು ದುರ್ಬಲವಾದುದನ್ನು ಪೂರ್ಣವಾಗಿ ಓಡಿಸುವುದೆಂದೂ ನಂಬಿದ್ದರು. ೧೭೯೮ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋದ ಬರ್ತೋಲೆ ಎಂಬ ವಿದ್ವಾಂಸನು ಅಲ್ಲಿಯ ಸೌಳುಕೆರೆಗಳ ದಡದಲ್ಲಿ ಸೋಡವು ಹರಳುಗಟ್ಟಿರುವುದನ್ನು ಕಂಡನು. ಪ್ರಯೋಗಶಾಲೆಯಲ್ಲಿ ಸೋಡವೂ ಕ್ಯಾಲ್ಸಿಯಂ ಕ್ಲೋರೈಡೂ ಕೂಡಿದರೆ ಸೀಮೆಸುಣ್ಣವೂ ಉಪ್ಪೂ ಆಗುವುದು ಸರ್ವವಿದಿತ. ಕೆರೆಯಲ್ಲಿ ಅದೇ ಕ್ರಿಯೆಯು ಹಿಂದುಮುಂದಾಗಿ, ಉಪ್ಪೂ ಸುಣ್ಣದ ಕಲ್ಲೂ ಸೇರಿ ಸೋಡವಾಗಿತ್ತು. ಉಪ್ಪು ಅಪಾರವಾಗಿದ್ದುದರಿಂದ ದಾರಿಯು ತಿರುಗಿತೆಂದು ಅವನು ಊಹಿಸಿ, ೧೮೦೩ರಲ್ಲಿ ಗ್ರಂಥವಾಗಿ ಬರೆದನು. ಕ್ರಿಯೆಯ ದಿಕ್ಕು ಪದಾರ್ಥದ ಜಾತಿಯೊಂದರಿಂದಲೇ ನಿರ್ಧಾರವಾಗದು, ಅದರ ಮೊತ್ತದಿಂದಲೂ ಆಗುವುದೆಂಬ ಈ ಮಾತನ್ನು ೧೮೬೪ರಲ್ಲಿ ನಾರ್ವೆ ದೇಶದ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬವರು ನಿಯಮವಾಗಿ ಕಟ್ಟಿದರು. ೧೮೮೪ರಲ್ಲಿ ವಾಂಟ್ ಹಾಫನು ಹೋಗುವ ಬರುವ ಎರಡು ಬಾಣಗಳನ್ನು ಒಂದರ ಕೆಳಗೊಂದು ಬರೆಯುವ ಪದ್ಧತಿಯನ್ನು ತಂದನು.

ಸುಣ್ಣದ ಗೂಡಿನಲ್ಲಿ ಈ ಎರಡು ಬಾಣಗಳನ್ನೂ ನೋಡಬಹುದು. ಸುಣ್ಣದ ಕಲ್ಲನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡು ಹೊರಟು ಸುಟ್ಟ ಸುಣ್ಣವು ಉಳಿಯುವುದು. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಈ ಅನಿಲವು ಒಂದು ಒತ್ತಡದವರೆಗೆ ತುಂಬಿ, ಅಲ್ಲಿಗೆ ಕ್ರಿಯೆಯು ಮುಂದುವರಿದಂತೆ ಕಾಣುವುದಿಲ್ಲ. ಕಲ್ಲು ಎಷ್ಟೇ ಇರಲಿ, ಆ ಒತ್ತಡವು ತಾಪವನ್ನು ಮಾತ್ರ ಅನುಸರಿಸುವುದು. ಸುಮಾರು ೯೦೦ ಡಿಗ್ರಿಯಲ್ಲಿ ಅದು ವಾಯುಮಂಡಲದ ಒತ್ತಡಕ್ಕೆ ಸಮವಾಗುತ್ತದೆ. ಗೂಡಿನಲ್ಲಿ ಗಾಳಿಯಾಡುವುದರಿಂದ ಅನಿಲವು ಕೊಚ್ಚಿಹೋಗಿ ಹಿಂದಿರುಗಲು ಆಸ್ಪದವಿಲ್ಲ, ಕಲ್ಲೆಲ್ಲ ಸುಣ್ಣವಾಗುತ್ತದೆ. ಅದಕ್ಕೆ ನೀರೆರೆದರೆ ಬುಸುಗುಟ್ಟಿ ಬಿಸಿಯಾಗಿ ಅರಳುವುದು. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಅದೇ ಅನಿಲವನ್ನು, ಅದು ಹತ್ತು ಸಾವಿರಕ್ಕೆ ನಾಲ್ಕು ಪಾಲಿನಷ್ಟೇ ಇದ್ದರೂ, ಮೆಲ್ಲನೆ ಎಳೆದುಕೊಂಡು ಮತ್ತೆ ಕಲ್ಲಾಗುವುದು. ಗಾರೆಯ ಗೋಡೆಯು ವರ್ಷಗಳುರುಳಿದಂತೆ ಗಟ್ಟಿಯಾಗುವುದು ಇದರಿಂದ.

ಮುಚ್ಚಿದ ಪಾತ್ರೆಯಲ್ಲಿ ಕ್ರಿಯೆಯು ಮುಂದುವರಿದಂತೆ ಕಾಣುವುದಿಲ್ಲ ಎಂದುದನ್ನು ಗಮನಿಸಬೇಕು. ನಿಂತಿತೆಂದು ಹೇಳಿಲ್ಲ. ಕಲ್ಲು ಒಡೆಯುತ್ತಲೇ ಇದೆ. ಅದೇ ವೇಗದಲ್ಲಿ ಮತ್ತೆ ಕೂಡುತ್ತಲೂ ಇದೆ. ಸಮತೋಲವೆಂಬ ಪದವು ತೊಡಕಾಗುವುದು ಇಲ್ಲಿಯೇ. ತೋಲವೆಂದರೆ ತೂಗುವುದು, ಕೇಳಿದೊಡನೆ ಮನಸ್ಸಿಗೆ ಬರುವುದು ತಕ್ಕಡಿ. ಎರಡು ತಟ್ಟೆಗಳಲ್ಲಿ ಸಮಭಾರ, ನಡುವೆ ಅಲುಗದ ಮುಳ್ಳು. ವಿದ್ಯಾರ್ಥಿಯು ಈ ಚಿತ್ರದಿಂದ ಎರಡು ತಪ್ಪುಗಳನ್ನು ಕಲಿಯುತ್ತಾನೆ: ಎಲ್ಲವೂ ಸ್ತಬ್ಧವಾಯಿತೆಂಬುದು ಒಂದು, ಎರಡು ಕಡೆಯ ಪದಾರ್ಥಗಳೂ ಸಮಪಾಲಾಗಿವೆಯೆಂಬುದು ಇನ್ನೊಂದು. ಇದಕ್ಕಾಗಿ ಕನ್ನಡದ ಪದಕರ್ತರನ್ನು ದೂರುವಂತಿಲ್ಲ. ಇಂಗ್ಲಿಷಿನ ಪದವೂ ಸಮ ಮತ್ತು ತಕ್ಕಡಿ ಎಂಬರ್ಥದ ಎರಡು ಲ್ಯಾಟಿನ್ ಶಬ್ದಗಳಿಂದಲೇ ಆದುದು. ವಿಜ್ಞಾನದ ಬೋಧನೆಯನ್ನು ಕುರಿತು ಹಲವು ದೇಶಗಳಲ್ಲಿ ನಡೆದ ಪರಿಶೀಲನೆಗಳಲ್ಲಿ ಇವೇ ಎರಡು ತಪ್ಪುಗಳು ಮತ್ತೆ ಮತ್ತೆ ಕಂಡುಬಂದಿವೆ. ಭೇದವಿಷ್ಟೆ: ಇಂಗ್ಲಿಷಿನಲ್ಲಿ ಓದುವ ಕನ್ನಡದ ಹುಡುಗನಿಗೆ ಆ ಪದದೊಳಗೆ ತಕ್ಕಡಿಯು ಅಡಗಿದೆಯೆಂಬುದೇ ತಿಳಿಯದು. ತಿಳಿಯದ ಪದವನ್ನು ಅವನು ಬಾಯಿಪಾಠ ಮಾಡುವನು. ತಿಳಿದ ಪದವು ಅವನನ್ನು ತಪ್ಪಿಗೆ ಎಳೆದರೂ, ತಿದ್ದಲು ಅಲ್ಲಿ ಏನಾದರೂ ಇರುತ್ತದೆ.

ಸಮಪಾಲಿನ ಭ್ರಾಂತಿಯನ್ನು ಒಂದು ಲೆಕ್ಕದಿಂದ ಕಳೆಯಬಹುದು. ಜಲಜನಕವೂ ಅಯೋಡೀನಿನ ಆವಿಯೂ ಕೂಡಿ ಜಲಜನಕದ ಅಯೋಡೈಡು ಆಗುವ ಕ್ರಿಯೆಯಲ್ಲಿ, ೪೫೦ ಡಿಗ್ರಿಯ ಆಸುಪಾಸಿನಲ್ಲಿ, ಉತ್ಪನ್ನದ ಸಾರತೆಯ ವರ್ಗವನ್ನು ಉಳಿದೆರಡರ ಸಾರತೆಗಳ ಗುಣಲಬ್ಧದಿಂದ ಭಾಗಿಸಿದರೆ ಸುಮಾರು ೫೦ ಬರುತ್ತದೆ. ಸಾರತೆಯೆಂದರೆ ಒಂದು ಅಳತೆಯ ಜಾಗದಲ್ಲಿ ಎಷ್ಟು ಪದಾರ್ಥವಿದೆಯೆಂಬುದು. ಈ ಭಾಗಲಬ್ಧಕ್ಕೆ ಸಮತೋಲ ಸ್ಥಿರಾಂಕವೆಂದು ಹೆಸರು. ವರ್ಗಮೂಲವು ಸುಲಭವಾಗಲೆಂದು ೪೯ ಎಂದಿಟ್ಟುಕೊಂಡರೆ, ಒಂದೊಂದು ಮೋಲಿನಿಂದ ಹೊರಟ ಜಲಜನಕ ಅಯೋಡೀನುಗಳಲ್ಲಿ ಒಂಬತ್ತರಲ್ಲಿ ಏಳು ಪಾಲು ಕೂಡಿ, ಎರಡು ಪಾಲು ಬಿಡಿಯಾಗಿ ಉಳಿಯುವುದು. ಉತ್ಪನ್ನವು ಒಂಬತ್ತನೆಯ ಹದಿನಾಲ್ಕು ಮೋಲ್. ಹದಿನಾಲ್ಕು ಎರಡರ ಏಳರಷ್ಟು, ಏಳರ ವರ್ಗ ೪೯. ಸಮಪಾಲು ಎಲ್ಲಿಯೂ ಇಲ್ಲ. ಬಿಡಿಪದಾರ್ಥಗಳಿಗೆ ಬದಲಾಗಿ ಅಯೋಡೈಡನ್ನೇ ಎರಡು ಮೋಲ್ ತುಂಬಿ ಕಾಯಿಸಿದರೂ ಅದು ಒಡೆದು ಸರಿಯಾಗಿ ಇದೇ ಪ್ರಮಾಣಕ್ಕೆ ಬಂದು ನಿಲ್ಲುವುದು. ಎರಡು ಊರುಗಳಿಂದ ಹೊರಟವರು ಒಂದೇ ಕವಲಿನಲ್ಲಿ ಸಂಧಿಸಿದಂತಾಯಿತು. ಸಮವಾಗಿರುವುವು ವೇಗಗಳು, ಮೊತ್ತಗಳಲ್ಲ.

ಸ್ತಬ್ಧತೆಯ ಭ್ರಾಂತಿಯನ್ನು ಕಳೆಯಲು ಕೆಲವು ಅಧ್ಯಾಪಕರು ಜಲಾಶಯದ ದೃಷ್ಟಾಂತವನ್ನು ಕೊಡುವುದುಂಟು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟು ತುಂಬಿರುವಾಗ, ಒಳಹರಿವಷ್ಟೇ ಹೊರಹರಿವಿದ್ದರೆ ನೀರಿನ ಮಟ್ಟವು ಬದಲಾಗದು. ದೃಷ್ಟಾಂತವು ಹತ್ತಿರದ್ದು, ಆದರೆ ತಪ್ಪಾದುದು. ಅಲ್ಲಿ ನೀರು ವಯನಾಡಿನ ಕಡೆಯಿಂದ ಬಂದು ನಂಜನಗೂಡಿನ ಕಡೆಗೆ ಹೋಗುತ್ತಿದೆ. ಒಳಹರಿವನ್ನು ಕಟ್ಟಿದರೆ ಮಟ್ಟವು ಇಳಿಯುತ್ತದೆ. ಸಮತೋಲದಲ್ಲಿ ಹೊರಗಿನಿಂದ ಬರುವುದೂ ಹೊರಕ್ಕೆ ಹೋಗುವುದೂ ಇಲ್ಲ. ಹೋದ ದಾರಿಯಲ್ಲಿಯೇ, ಹೋದಷ್ಟೇ, ಹಿಂದಿರುಗುತ್ತಿರಬೇಕು. ಜಲಾಶಯದ್ದು ಸ್ಥಿರಪ್ರವಾಹ. ಬದುಕಿರುವ ದೇಹವೂ ಸ್ಥಿರಪ್ರವಾಹವೇ. ಪೂರ್ಣ ಸಮತೋಲಕ್ಕೆ ಬಂದ ದೇಹಕ್ಕೆ ಬೇರೆ ಹೆಸರಿದೆ.

ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತವಾದ ಇನ್ನೊಂದು ಪದವು ಇಲ್ಲಿ ನೆನಪಿಗೆ ಬರುವುದು ಸಹಜ. ಸೃಷ್ಟಿಗೆ ಮುಂಚೆ ಸತ್ವ, ರಜಸ್ಸು, ತಮಸ್ಸುಗಳು ಸಾಮ್ಯಾವಸ್ಥೆಯಲ್ಲಿರುವುವೆಂದು ಸಾಂಖ್ಯರು ಹೇಳುತ್ತಾರೆ. ಆಗ ಗುಣಗಳು ನಿಶ್ಚಲವಾಗಿರುವುವೆಂದು ಸಾಮಾನ್ಯವಾದ ತಿಳಿವಳಿಕೆ. ವಾಚಸ್ಪತಿಮಿಶ್ರರ ವ್ಯಾಖ್ಯಾನದಲ್ಲಿ ಹಾಗಿಲ್ಲ. ಪರಿಣಮಿಸುವುದೇ ಗುಣಗಳ ಸ್ವಭಾವವಾದುದರಿಂದ ಅವು ಕ್ಷಣಮಾತ್ರವೂ ಸುಮ್ಮನಿರವು. ಪ್ರಳಯದಲ್ಲಿ ಸತ್ವವು ಸತ್ವವಾಗಿಯೂ ರಜಸ್ಸು ರಜಸ್ಸಾಗಿಯೂ ತಮಸ್ಸು ತಮಸ್ಸಾಗಿಯೂ ಪರಿಣಮಿಸುತ್ತಿರುವುವೆಂದು ಅಲ್ಲಿ ವಿವರಿಸಿದೆ. ಇದರಿಂದ ಸಾಂಖ್ಯರಿಗೆ ರಾಸಾಯನಿಕ ಸಮತೋಲವು ತಿಳಿದಿತ್ತೆಂದು ಸಾಧಿಸಹೊರಡುವುದು ಹುಚ್ಚುತನ. ಅಲ್ಲಿ ಅಳತೆಯೂ ಇಲ್ಲ, ಪ್ರಯೋಗವೂ ಇಲ್ಲ, ಒಂದು ಇನ್ನೊಂದಾಗಿ ಮರಳುವ ಮಾತೂ ಇಲ್ಲ. ಆದರೆ ಬದಲಾಗದಂತೆ ಕಾಣುವ ಸ್ಥಿತಿಯೊಳಗೆ ಬದಲಾವಣೆಯು ನಡೆಯುತ್ತಿರಬಹುದೆಂಬ ಭಾವನೆಯನ್ನು ಹೇಳಲು ಭಾಷೆಗೆ ಶಕ್ತಿಯಿದೆಯೆಂಬುದಕ್ಕೆ ಇದು ಸಾಕ್ಷಿ. ಪದಕರ್ತನಿಗೆ ಬೇಕಾದುದು ಅಷ್ಟೇ.

ಸಮತೋಲವನ್ನು ಅರಿಯದೆ ಹೋದರೆ ಏನಾಗುವುದೆಂಬುದಕ್ಕೆ ಲ ಶಾತೆಲಿಯೆ ಎಂಬ ಫ್ರೆಂಚ್ ರಸಾಯನಜ್ಞನು ಹೇಳುತ್ತಿದ್ದ ಒಂದು ಪ್ರಸಂಗವುಂಟು. ಊದುಕುಲುಮೆಯಲ್ಲಿ ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಕಸಿಯುವುದು ಇಂಗಾಲದ ಮೊನಾಕ್ಸೈಡು ಎಂಬ ಅನಿಲ. ಅದರಲ್ಲಿ ಬಹುಭಾಗವು ಕೆಲಸ ಮಾಡದೆಯೇ ಕುಲುಮೆಯ ಬಾಯಿಂದ ಹೊರಬೀಳುತ್ತಿತ್ತು. ಅದಿರಿನೊಡನೆ ಸಾಕಷ್ಟು ಹೊತ್ತು ಕೂಡಿರಲಿಲ್ಲವಾದುದರಿಂದ ಹೀಗಾಯಿತೆಂದು ಬಗೆದು, ಇಂಗ್ಲೆಂಡಿನಲ್ಲಿ ಬಹಳ ಹಣ 
ಸುರಿದು ಕುಲುಮೆಗಳನ್ನು ಇನ್ನೂ ಎತ್ತರವಾಗಿ ಕಟ್ಟಿದರು. ಹೊರಬೀಳುವ ಅನಿಲದ ಪ್ರಮಾಣವು ಕಡಮೆಯಾಗಲಿಲ್ಲ. ಕ್ರಿಯೆಯು ತನ್ನ ಸಮತೋಲಕ್ಕೆ ಆಗಲೇ ಬಂದಿತ್ತು. ಹೊತ್ತು ಕೊಟ್ಟು ಫಲವೇನು? ೧೯೨೩ರಲ್ಲಿ ಭದ್ರಾವತಿಯಲ್ಲಿ ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸಲು ಮೊದಲುಮಾಡಿದ ಕಾಲಕ್ಕೆ ಈ ಪಾಠವು ಪಠ್ಯಪುಸ್ತಕಗಳಿಗೆ ಸೇರಿತ್ತು.

ಲ ಶಾತೆಲಿಯೆಯ ಹೆಸರಿನ ಸೂತ್ರವು ೧೮೮೪ರದು: ಸಮತೋಲದಲ್ಲಿರುವ ವ್ಯವಸ್ಥೆಯ ಮೇಲೆ ಹೊರಗಿನಿಂದ ಬದಲಾವಣೆಯನ್ನು ಹೇರಿದರೆ, ಅದು ಆ ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೆ ಸರಿಯುವುದು. ಮೈಸೂರಿಗೆ ಸಮೀಪದ ಬೆಳಗೊಳದಲ್ಲಿ ೧೯೩೦ರ ದಶಕದ ಕೊನೆಯಲ್ಲಿ ಸ್ಥಾಪಿತವಾದ ಗೊಬ್ಬರದ ಕಾರ್ಖಾನೆಯು ಭಾರತದಲ್ಲಿ ಸಂಶ್ಲೇಷಿತ ಅಮೋನಿಯವನ್ನು ತಯಾರಿಸಿದ ಮೊದಮೊದಲಿನ ಕಾರ್ಖಾನೆಗಳಲ್ಲೊಂದು. ಅಲ್ಲಿಯ ಕ್ರಿಯೆಯನ್ನು ಈ ಸೂತ್ರದಿಂದ ವಿವರಿಸಬಹುದು. ಒಂದಳತೆ ಸಾರಜನಕವೂ ಮೂರಳತೆ ಜಲಜನಕವೂ ಕೂಡಿ ಎರಡಳತೆ ಅಮೋನಿಯವಾಗುತ್ತದೆ. ನಾಲ್ಕು ಎರಡಾಗುವುದರಿಂದ ಒತ್ತಡವನ್ನು ಹೆಚ್ಚಿಸಿದರೆ ಅಮೋನಿಯವು ಹೆಚ್ಚುವುದು. ಕೂಡುವಾಗ ಉಷ್ಣವು ಹೊರಡುವುದರಿಂದ ಕಾಯಿಸಿದರೆ ಅಮೋನಿಯವು ಕುಗ್ಗುವುದು: ೨೦೦ ವಾಯುಭಾರದ ಒತ್ತಡದಲ್ಲಿ, ೪೦೦ ಡಿಗ್ರಿಗೆ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚಾಗಿರುವುದು ೫೦೦ ಡಿಗ್ರಿಗೆ ಸುಮಾರು ಆರರಲ್ಲೊಂದಕ್ಕೆ ಇಳಿಯುತ್ತದೆ. ಹಾಗಾದರೆ ತಣ್ಣಗಿರಿಸಬಾರದೆ? ಇರಿಸಿದರೆ ಕೈಮರವು ಅಮೋನಿಯದ ಕಡೆಗೇ ನೆಟ್ಟಗೆ ತೋರಿಸುವುದು, ಆದರೆ ಪ್ರಯಾಣಿಕರು ಕದಲುವುದಿಲ್ಲ. ಹೇಬರನು ೧೯೦೯ರಲ್ಲಿ ಈ ಇಕ್ಕಟ್ಟನ್ನು ಒತ್ತಡ ಮತ್ತು ವೇಗವರ್ಧಕಗಳ ನೆರವಿನಿಂದ ಬಿಡಿಸಿದನು. ಆದ ಅಮೋನಿಯವನ್ನು ಆಗಾಗಲೇ ತಣಿಸಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಕುಲುಮೆಗೆ ತಿರುಗಿಸಿದನು. ವೇಗವರ್ಧಕವು ಹೋಗುವುದನ್ನೂ ಬರುವುದನ್ನೂ ಸಮನಾಗಿ ಚುರುಕುಗೊಳಿಸುವುದೇ ಹೊರತು ಸಮತೋಲದ ಸ್ಥಾನವನ್ನು ಬದಲಿಸದು. ಪರೀಕ್ಷೆಯಲ್ಲಿ ಹೆಚ್ಚು ಜನರು ಎಡವುವ ಕಲ್ಲು ಇದು.

ಎರಡು ಅಧ್ಯಾಯಗಳನ್ನು ಒಂದಾಗಿ ಹೆಣೆದವನು ಅಮೆರಿಕದ ಗಿಬ್ಸ್. ಅವನ ದೀರ್ಘಲೇಖನವು ೧೮೭೬ರಿಂದ ೧೮೭೮ರವರೆಗೆ ಪ್ರಕಟವಾಯಿತು. ಕೋಣೆಯ ಎಂಟ್ರೊಪಿಯನ್ನೂ ಗಡ್ಡೆಯ ಎಂಟ್ರೊಪಿಯನ್ನೂ ಬೇರೆ ಬೇರೆಯಾಗಿ ಎಣಿಸುವ ಶ್ರಮವನ್ನು ತಪ್ಪಿಸಿ, ಎರಡನ್ನೂ ಒಳಗೊಂಡ ಮುಕ್ತಶಕ್ತಿಯೆಂಬ ಒಂದೇ ಮೊತ್ತವನ್ನು ಅವನು ಕೊಟ್ಟನು. ತಾಪವೂ ಒತ್ತಡವೂ ಬದಲಾಗದಿರುವಲ್ಲಿ ಮುಕ್ತಶಕ್ತಿಯು ಇಳಿಯುವ ದಿಕ್ಕೇ ಕ್ರಿಯೆಯ ದಿಕ್ಕು. ಇನ್ನು ಇಳಿಯಲು ಎಡೆಯಿಲ್ಲದ ತಗ್ಗೇ ಸಮತೋಲ. ಅಲ್ಲಿ ಕೈಮರಕ್ಕೆ ಕೈಯೇ ಇಲ್ಲ. ಪದಾರ್ಥಗಳೆಲ್ಲವೂ ಗೊತ್ತಾದ ಪ್ರಮಾಣಸ್ಥಿತಿಯಲ್ಲಿರುವಾಗಿನ ಮುಕ್ತಶಕ್ತಿಯ ಅಂತರವು ಬೇರೆ. ಅದು ಸಮತೋಲದಲ್ಲಿ ಸೊನ್ನೆಯಾಗಬೇಕಿಲ್ಲ, ಸ್ಥಿರಾಂಕವು ಎಷ್ಟೆಂಬುದನ್ನು ಅದು ಹೇಳುತ್ತದೆ. ೨೫ ಡಿಗ್ರಿಯಲ್ಲಿ ಈ ಅಂತರವು ಮೋಲಿಗೆ ೫.೭ ಸಾವಿರ ಜೂಲಿನಷ್ಟು ಬದಲಾದರೆ ಸ್ಥಿರಾಂಕವು ಹತ್ತರಷ್ಟು ಬದಲಾಗುವುದು. ಪಠ್ಯಪುಸ್ತಕದಲ್ಲಿ ಈ ಎರಡು ರಾಶಿಗಳಿಗೂ ಇರುವ ಗುರುತಿನ ವ್ಯತ್ಯಾಸವು ತಲೆಯ ಮೇಲಿನ ಒಂದು ಸಣ್ಣ ಸೊನ್ನೆ. ಅದನ್ನು ಕಾಣದೆ ಹೋದವರೆಷ್ಟೋ ಜನ.

೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಎರಡು ವರ್ಷಗಳಲ್ಲಿಯೇ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪಂಪಭಾರತದ ಸಂಪಾದನೆಯಲ್ಲಿ ತೊಡಗಿದವರೂ ಅವರೇ ಎಂಬುದು ಮರೆಯತಕ್ಕ ಸಂಗತಿಯಲ್ಲ. ಹಳಗನ್ನಡದ ಪಾಠಾಂತರವನ್ನು ತೂಗಿನೋಡಿದ ಕೈಯೇ ಪರಿಭಾಷೆಯನ್ನೂ ತೂಗಿತು. ೧೯೪೬ರಲ್ಲಿ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದಿತು. ಅಂದಿನಿಂದ ಪದಗಳಿಗೆ ಕೊರತೆಯಿಲ್ಲ. ಒಂದೊಂದಕ್ಕೆ ಮೂರು ನಾಲ್ಕು ಉಂಟು. ಕೊರತೆಯಿರುವುದು ಆ ಪದವು ತರಗತಿಯಲ್ಲಿ ಎಲ್ಲಿ ತಪ್ಪಿಸುತ್ತದೆಂದು ನೋಡಿ ತಿದ್ದುವ ಕೆಲಸದಲ್ಲಿ. ಅದು ವಿಜ್ಞಾನದವರೊಬ್ಬರಿಂದಲೇ ಆಗುವುದಲ್ಲ.

ಜನರ ಮಾತಿನಲ್ಲಿ ಬಳಕೆಯಲ್ಲಿದ್ದೂ ನಿಘಂಟಿನ ಕಣ್ಣಿಗೆ ಬೀಳದ ಪದಗಳೂ ಇವೆ. ಬ್ಯಾರನ್ನಿನಲ್ಲಿ ಬೆಂದು ಮುಗಿದ ಹೊಗೆಸೊಪ್ಪು ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಿರುವುದು. ಕೂಡಲೇ ಇಳಿಸಲಾಗದು. ಬೆಂಕಿಯನ್ನು ಆರಿಸಿ, ಬಾಗಿಲು ಕಿಂಡಿಗಳನ್ನು ತೆರೆದು, ಮಳೆಗಾಲದ ರಾತ್ರಿಯ ತೇವದ ಗಾಳಿಯನ್ನು ಒಳಗೆ ಬಿಡುತ್ತಾರೆ. ಗಾಳಿಯಿಂದ ನೀರು ಎಲೆಯನ್ನು ಸೇರುತ್ತ ಹೋಗುವುದು. ಸೇರಿದಂತೆಲ್ಲ ಬಿಟ್ಟುಹೋಗುವುದೂ ಹೆಚ್ಚುವುದು. ಎರಡೂ ಸಮವಾದೆಡೆಯಲ್ಲಿ ಎಲೆಯು ಮೆತ್ತಗಾಗಿ, ಮಡಿಸಿದರೆ ಮುರಿಯದ ಸ್ಥಿತಿಗೆ ಬರುವುದು. ಸೊಪ್ಪು ಹದಕ್ಕೆ ಬಂತು ಎನ್ನುತ್ತಾರೆ. ಮರುದಿನ ಬಿಸಿಲೇರಿ ಗಾಳಿಯು ಒಣಗಿದರೆ ಆ ಹದವು ಕೆಟ್ಟು, ಅದೇ ಎಲೆಯು ಮತ್ತೆ ಗರಿಯಾಗುತ್ತದೆ. ಮಳೆಯೇ ಹಿಡಿದರೆ ಹದವನ್ನು ಮೀರಿ ತೇವಕ್ಕೆ ಹೋಗುತ್ತದೆ. ಆದುದರಿಂದ ಬೆಳಕು ಹರಿಯುವ ಮುಂಚೆಯೇ ಒಂದು ಎಲೆಯನ್ನು ಕೈಯಲ್ಲಿ ಹಿಸುಕಿ ನೋಡಿ, ಮನೆಮಂದಿಯನ್ನೆಲ್ಲ ಎಬ್ಬಿಸಿ, ಸೊಪ್ಪನ್ನು ಇಳಿಸಲು ತೊಡಗುತ್ತಾರೆ.